ಕಾಲದ ಒಕ್ಕಣೆ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕೋತ್ಸವದ ದಾನವನ್ನು ಹೇಳುವ ಶಿಲಾಶಾಸನವೊಂದಿದೆ. ಅದರ ಕಾಲ, ಶಾಲಿವಾಹನ ಶಕವರ್ಷ 1430 ಸಂದ ಮೇಲಿನ ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. ಓದುವುದಕ್ಕೆ ಸರಳ; ಲೆಕ್ಕಕ್ಕೆ ಕುಳಿತರೆ ತೊಡಕು. 1430 ಸಂದ ಮೇಲೆ ನಡೆಯುವುದು ವಿಭವ ಸಂವತ್ಸರ. ಶುಕ್ಲ ಬರುವುದು ಅದರ ಮರುವರ್ಷ. ಅಂಕಿಯನ್ನು ನಂಬಿದರೆ ದಾನವು 1509ರ ಆರಂಭದ್ದು, ಹೆಸರನ್ನು ನಂಬಿದರೆ 1510ರ ಜನವರಿಯದು. ರಾಯನು ಪಟ್ಟವೇರಿದ ದಿನ ಯಾವುದೆಂಬ ಚರ್ಚೆಗೆ ಈ ಒಂದು ವರ್ಷದ ವ್ಯತ್ಯಾಸ ಸಣ್ಣದಲ್ಲ.

1900ರಲ್ಲಿ ಪ್ರಕಟವಾದ ತಮ್ಮ ವಿಜಯನಗರದ ಚರಿತ್ರೆಯಲ್ಲಿ ರಾಬರ್ಟ್ ಸೆವೆಲ್ ಅವರು 1510ರ ಜನವರಿ 23 ಅಥವಾ 24 ಎಂದರು. ಅಂದರೆ ಹೆಸರಿನ ಪಕ್ಷವೇ ಗೆದ್ದಿತು. ನನಗೂ ಅದೇ ಒಪ್ಪಿಗೆ. ಕಂಡರಿಸುವವನ ಉಳಿ ಒಂದು ಅಂಕಿಯಲ್ಲಿ ಜಾರಬಹುದು; ಯುಗಾದಿಯಿಂದ ಹತ್ತು ತಿಂಗಳು ಸಂಕಲ್ಪದಲ್ಲಿ ಕೇಳುತ್ತ ಬಂದ ಸಂವತ್ಸರದ ಹೆಸರು ಮರೆಯುವಂಥದಲ್ಲ. ಆದರೆ ಹೆಸರೊಂದೇ ಇದ್ದರೂ ಸಾಲದು, 60 ವರ್ಷಕ್ಕೊಮ್ಮೆ ಅದೇ ಶುಕ್ಲ ಮರಳಿ ಬರುತ್ತದೆ. ಅಂಕಿಯನ್ನು ಹೆಸರೂ ಹೆಸರನ್ನು ಅಂಕಿಯೂ ಕಾಯುವಂತೆ ನಮ್ಮ ಹಿರಿಯರು ಕಾಲದ ಒಕ್ಕಣೆಯನ್ನು ಕಟ್ಟಿದ್ದರು. ಈ ಶಾಸನದಲ್ಲಿ ವಾರವನ್ನು ಹೇಳಿಲ್ಲ. ಹೇಳಿದ್ದರೆ '23 ಅಥವಾ 24' ಎಂಬ ಅನುಮಾನವೂ ಉಳಿಯುತ್ತಿರಲಿಲ್ಲ.

ದಾನಕ್ಕೆ ದಿನ ಸಾಕು, ರೈಲಿಗೆ ನಿಮಿಷ ಬೇಕು. 1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂದಾಗ ರೈಲ್ವೆಯ ಗಡಿಯಾರಗಳು ನಡೆಯುತ್ತಿದ್ದುದು ತಂತಿಯ ಮೂಲಕ ತಿಳಿಸುತ್ತಿದ್ದ ಮದರಾಸು ಕಾಲಕ್ಕೆ. ಹೊಸಪೇಟೆಯ ನೆತ್ತಿಗೆ ಸೂರ್ಯ ಬರುವುದು ಮದರಾಸಿಗಿಂತ ಸುಮಾರು 15 ನಿಮಿಷ ತಡವಾಗಿ. ಕಂಪ್ಲಿಗೂ ಹೊಸಪೇಟೆಗೂ ನಡುವಿನ ಅಂತರ ಒಂದು ನಿಮಿಷಕ್ಕೂ ಕಡಿಮೆ. ಗಾಡಿ ಹಿಡಿಯುವವನು ಅದನ್ನು ಎಣಿಸಬೇಕಿಲ್ಲ, ಆದರೆ ಆ 15 ನಿಮಿಷವನ್ನು ಮರೆತರೆ ಗಾಡಿ ತಪ್ಪಿತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಕಾಲ ಬಂದ ಮೇಲೆ ಈ ಅಂತರ 24 ನಿಮಿಷಕ್ಕೇರಿತು.

ವಿದ್ಯುತ್ ಜಾಲಗಳಿಗೂ ದೊಡ್ಡ ಕಾರ್ಖಾನೆಗಳಿಗೂ ನಿಮಿಷವೂ ಒರಟು ಅಳತೆ. ತುಂಗಭದ್ರಾ ಅಣೆಕಟ್ಟಿನ ವಿದ್ಯುದಾಗಾರ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇಂಥ ಸ್ಥಾವರಗಳ ಕೆಲಸವನ್ನು ನೆನೆಯಿರಿ. ಒಂದೆಡೆ ವಿದ್ಯುತ್ ಕಡಿದರೆ ಕ್ಷಣಾರ್ಧದಲ್ಲಿ ಹತ್ತಾರು ಉಪಕರಣಗಳು ನಿಲ್ಲಬಹುದು. ಮೊದಲು ನಿಂತದ್ದು ಯಾವುದು, ಅದರ ಪರಿಣಾಮವಾಗಿ ನಿಂತದ್ದು ಯಾವುದು ಎಂದು ತಿಳಿಯಬೇಕಾದರೆ ಅವುಗಳ ಗಡಿಯಾರಗಳೆಲ್ಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಹೊಂದಿರಬೇಕು. ಅದಕ್ಕಾಗಿ ಮುಖ್ಯ ಕೇಂದ್ರವು ಜಾಲದ ಮೂಲಕ ಕಾಲದ ಸಂದೇಶವನ್ನು ಕಳುಹಿಸುತ್ತದೆ. ಸಂದೇಶ ದಾರಿಯಲ್ಲಿ ಕಳೆದ ಹೊತ್ತನ್ನೂ ಕೂಡಿಸಿಕೊಳ್ಳಬೇಕಾಗುತ್ತದೆ.

ವಿದ್ಯುತ್ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಐಇಸಿ 60870-5 ಎಂಬ ಅಂತಾರಾಷ್ಟ್ರೀಯ ಮಾನಕದಲ್ಲಿ ಈ ಸಂದೇಶದ ಪೂರ್ಣ ರೂಪಕ್ಕೆ ಏಳು ಬೈಟುಗಳು. ಮೊದಲೆರಡರಲ್ಲಿ ಮಿಲಿಸೆಕೆಂಡು, ಆಮೇಲೆ ನಿಮಿಷ, ಗಂಟೆ, ದಿನ, ತಿಂಗಳು, ವರ್ಷ. ವರ್ಷಕ್ಕೆ ಕೊನೆಯ ಎರಡೇ ಅಂಕಿ. ನೂರು ವರ್ಷಕ್ಕೊಮ್ಮೆ ಮರಳುವ ಸಂವತ್ಸರಚಕ್ರವೆಂದೇ ಅನ್ನಿ. ದಿನದ ಬೈಟಿನಲ್ಲಿಯೇ ವಾರಕ್ಕೂ ಸ್ಥಳವುಂಟು, ಬೇಡವಾದರೆ ಸೊನ್ನೆ ಇಡಬಹುದು. ನಿಮಿಷದ ಪಕ್ಕದಲ್ಲಿ ಇನ್ನೊಂದು ಗುರುತಿದೆ. ಗಡಿಯಾರದ ಮೇಲೆ ಭರವಸೆಯಿಲ್ಲದಾಗ, 'ಈ ಕಾಲವನ್ನು ನಂಬಬೇಡಿ' ಎಂದು ಸಂದೇಶವೇ ಹೇಳಿಕೊಳ್ಳುವುದಕ್ಕಾಗಿ.