ಮೂರನೆಯ ಫೋಲ್ಡರ್

ಟ್ವಿಟರ್‌ನಲ್ಲಿದ್ದ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಸಂಸ್ಥೆಯ ಒಳಬಳಕೆಗೆಂದು ಕಟ್ಟಿ, 2011ರ ಆಗಸ್ಟ್‌ನಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಬೂಟ್‌ಸ್ಟ್ರ್ಯಾಪ್ ಒಂದು ಫ್ರೇಮ್‌ವರ್ಕ್, ಅಂದರೆ ಜಾಲಪುಟದ ಗುಂಡಿ, ಪಟ್ಟಿ, ಅಂಕಣಗಳನ್ನು ಪ್ರತಿಸಲವೂ ಹೊಸದಾಗಿ ಬರೆಯುವ ಶ್ರಮವನ್ನು ತಪ್ಪಿಸುವ ಸಿದ್ಧ ಸಾಮಗ್ರಿ. 2012ರ ಜನವರಿಯಲ್ಲಿ ಬಂದ ಅದರ ಎರಡನೆಯ ಆವೃತ್ತಿಯ ಜಿಪ್ ಕಡತವನ್ನು ಬಿಚ್ಚಿದವರಿಗೆ ಮೂರು ಫೋಲ್ಡರ್‌ಗಳು ಸಿಗುತ್ತಿದ್ದವು: ರೂಪದ ನಿಯಮಗಳಿರುವ ‘ಸಿಎಸ್‌ಎಸ್’, ಪುಟದ ಚಲನವಲನ ನೋಡಿಕೊಳ್ಳುವ ‘ಜೆಎಸ್’, ಚಿತ್ರಗಳಿಗೆ ಮೀಸಲಾದ ‘ಐಎಂಜಿ’. ಮೊದಲೆರಡು ಹೆಸರು ಬದಲಿಸದೆ ಉಳಿದಿವೆ. ಚರಿತ್ರೆ ಇರುವುದು ಮೂರನೆಯದರಲ್ಲಿ.

ಅದರೊಳಗೆ ಇದ್ದುದು ಎರಡೇ ಕಡತ. ಗ್ಲಿಫಿಕಾನ್ಸ್ ಎಂಬ ಸಂಗ್ರಹದ ಪುಟ್ಟ ಚಿಹ್ನೆಗಳನ್ನು ಸಾಲುಸಾಲಾಗಿ ಜೋಡಿಸಿದ ಪಿಎನ್‌ಜಿ ಚಿತ್ರವೊಂದು, ಕಡುಬಣ್ಣದ ಗುಂಡಿಗಳ ಮೇಲೆ ಕಾಣಲೆಂದು ಮಾಡಿದ ಅದರ ಬಿಳಿಯ ಪ್ರತಿ ಇನ್ನೊಂದು. ಇಂಥ ಕೂಡುಚಿತ್ರಕ್ಕೆ ಸ್ಪ್ರೈಟ್ ಎಂದು ಹೆಸರು. ಚಿಹ್ನೆಗೊಂದು ಕಡತವಿದ್ದರೆ ಬ್ರೌಸರ್ ಪ್ರತಿಯೊಂದಕ್ಕೂ ಸರ್ವರ್‌ಗೆ ಬೇರೆ ಕೋರಿಕೆ ಕಳಿಸಬೇಕಾಗಿ ಪುಟ ತಡವಾಗುತ್ತಿತ್ತಾದ್ದರಿಂದ, ಎಲ್ಲವನ್ನೂ ಒಮ್ಮೆಗೇ ತರಿಸಿ, 14 ಪಿಕ್ಸೆಲ್ ಅಗಲದ ಕಿಂಡಿಯ ಹಿಂದೆ ಚಿತ್ರವನ್ನು ಸರಿಸಿ ಬೇಕಾದುದನ್ನಷ್ಟೇ ತೋರಿಸಲಾಗುತ್ತಿತ್ತು: ಗಾಜಿನ ಲೋಟ ಸೊನ್ನೆಯಲ್ಲಿ, ಸಂಗೀತದ ಚಿಹ್ನೆ 24 ಪಿಕ್ಸೆಲ್ ಆಚೆ, ಹುಡುಕಾಟದ್ದು 48 ಆಚೆ. ಜಾಣ ಉಪಾಯವೇ ಸರಿ, ಆದರೆ ಕೆಂಪು ಚಿಹ್ನೆ ಬೇಕೆಂದವರು ಇನ್ನೊಂದು ಚಿತ್ರವನ್ನೇ ಮಾಡಿಕೊಳ್ಳಬೇಕಿತ್ತು, ಹಿಗ್ಗಿಸಿದರೆ ಅಂಚು ಮಸುಕಾಗುತ್ತಿತ್ತು.

2013ರ ಮೂರನೆಯ ಆವೃತ್ತಿಯಲ್ಲಿ ‘ಐಎಂಜಿ’ ಹೋಗಿ ‘ಫಾಂಟ್ಸ್’ ಬಂದಿತು. ಚಿಹ್ನೆಗಳು ಅಕ್ಷರಗಳಾದವು, ಅಕ್ಷರಕ್ಕೆ ಹಚ್ಚಿದ ಬಣ್ಣ, ಕೊಟ್ಟ ಗಾತ್ರ ಅವಕ್ಕೂ ಒಪ್ಪಿತು. ಯಾವ ಬಗೆಯ ಫಾಂಟ್ ಓದಬೇಕೆಂಬುದರಲ್ಲಿ ಬ್ರೌಸರ್‌ಗಳಿಗೆ ಇನ್ನೂ ಒಮ್ಮತವಿಲ್ಲದಿದ್ದುದರಿಂದ, ಎಂಟನೆಯ ಆವೃತ್ತಿಯವರೆಗಿನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಾಗಿ ಇಒಟಿ, ಉಳಿದವಕ್ಕಾಗಿ ವಾಫ್, ಟಿಟಿಎಫ್, ಎಸ್‌ವಿಜಿ ಎಂದು ಒಂದೇ ಫಾಂಟನ್ನು ನಾಲ್ಕು ರೂಪದಲ್ಲಿ ಇಡಬೇಕಾಯಿತು. ಸಿಎಸ್‌ಎಸ್ ಕಡತ ಅವನ್ನು ಪಕ್ಕದ ಫೋಲ್ಡರ್‌ನಲ್ಲೇ ಹುಡುಕುತ್ತಿದ್ದುದರಿಂದ, ಮೂರನೆಯದನ್ನು ಸರ್ವರ್‌ಗೆ ಏರಿಸಲು ಮರೆತವರ ಪುಟದಲ್ಲಿ ಚಿಹ್ನೆಗಳ ಜಾಗದಲ್ಲಿ ಖಾಲಿ ಚೌಕಗಳು ಕೂರುತ್ತಿದ್ದವು.

2018ರಲ್ಲಿ ನಾಲ್ಕನೆಯ ಆವೃತ್ತಿ ಗ್ಲಿಫಿಕಾನ್ಸ್ ಅನ್ನೇ ಕೈಬಿಟ್ಟಾಗ ಆ ಫೋಲ್ಡರ್ ಇಲ್ಲವಾಯಿತು. ಚಿಹ್ನೆಗಳ ಸಂಗ್ರಹ ಮುಂದೆ ಬೂಟ್‌ಸ್ಟ್ರ್ಯಾಪ್ ಐಕಾನ್ಸ್ ಎಂಬ ಪ್ರತ್ಯೇಕ ಕಟ್ಟಾಗಿ ಬಂದಿತು. ಅಷ್ಟಾದರೂ ಚಿತ್ರಗಳು ಪೂರಾ ತೊಲಗಲಿಲ್ಲ. 2021ರ ಐದನೆಯ ಆವೃತ್ತಿಯ ಸಿಎಸ್‌ಎಸ್ ಕಡತವನ್ನು ತೆರೆದರೆ, ಮುಚ್ಚುವ ಗುಂಡಿಯ ಅಡ್ಡಗೆರೆಗಳೂ ಆಯ್ಕೆಚೌಕದ ಟಿಕ್ ಗುರುತೂ ಎಸ್‌ವಿಜಿ ಪಠ್ಯವಾಗಿ ನಿಯಮಗಳ ಸಾಲಿನಲ್ಲೇ ಬರೆದಿರುವುದು ಕಾಣುತ್ತದೆ.