ಪಶುವೈದ್ಯ ವೃತ್ತಿಯ ತೊಡಕುಗಳು (ಭಾರತ)

ಭಾರತದಲ್ಲಿ ಈ ವೃತ್ತಿಗೆ ಚೌಕಟ್ಟು ಹಾಕಿರುವುದು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ. ಅದರ 30ನೇ ಕಲಮಿನಂತೆ ನೋಂದಾಯಿತ ಪಶುವೈದ್ಯರಷ್ಟೇ ಚಿಕಿತ್ಸೆ ನೀಡಬೇಕು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವಂಥ ಸಣ್ಣ ಸೇವೆಗಳನ್ನು ರಾಜ್ಯ ಸರ್ಕಾರ ಅನುಮತಿಸಿದರೆ ಡಿಪ್ಲೊಮಾ ಪಡೆದವರೂ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಕಾಗದದ ಮೇಲಿನ ಈ ಗೆರೆ ಹಳ್ಳಿಯ ಕೊಟ್ಟಿಗೆಯಲ್ಲಿ ಮಸುಕು. ನಡುರಾತ್ರಿ ಕರು ಅಡ್ಡ ಸಿಕ್ಕಿಕೊಂಡಾಗ ರೈತ ಕರೆಯುವುದು ಹತ್ತಿರವಿದ್ದವರನ್ನೇ.

ರಾಸುಗಳ ವಿಮೆಯ ವಿಷಯ ಇನ್ನೂ ಸೂಕ್ಷ್ಮ. ಸತ್ತ ರಾಸಿನ ಗುರುತಿನ ಕಿವಿಯೋಲೆ ಕಳೆದುಹೋಗಿದ್ದರೂ ಮರಣೋತ್ತರ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಡಿ ಎಂಬ ಒತ್ತಡ ಬರುತ್ತದೆ. ಬಡವನ ನಷ್ಟ ನಿಜವಾದರೂ ಸುಳ್ಳು ಪ್ರಮಾಣಪತ್ರ ಅಪರಾಧವೇ. ಹಣ ಪಡೆದು ನೀಡಿದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಕಂಡರೆ ಮಾಲೀಕರು ಗ್ರಾಹಕರ ಆಯೋಗಕ್ಕೂ ಹೋಗಬಹುದು.

ವೈದ್ಯರ ಆರೋಗ್ಯಕ್ಕೂ ಅಪಾಯವಿದೆ. ಕಂದು ರೋಗ (ಬ್ರುಸೆಲ್ಲೋಸಿಸ್) ಇರುವ ಹಸುವಿನ ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ತೆಗೆದ ವೈದ್ಯರಿಗೆ ಬ್ರುಸೆಲ್ಲಾ ಸೋಂಕು ತಗಲಿ, ಬಿಟ್ಟು ಬಿಟ್ಟು ಜ್ವರ, ಕೀಲುನೋವು ಕಾಡಬಹುದು. ರೇಬೀಸ್ ಭಯವೂ ಇರುವುದರಿಂದ ಅದರ ಲಸಿಕೆಯನ್ನು ವೈದ್ಯರು ಮೊದಲೇ ಹಾಕಿಸಿಕೊಳ್ಳಬೇಕು.

ಹಣದ ಲೆಕ್ಕವೂ ಸುಲಭವಲ್ಲ. ಪಶುವೈದ್ಯ ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ನಗರದಲ್ಲಿ ಸ್ವಂತ ಕ್ಲಿನಿಕ್ ತೆರೆದರೆ ಎಕ್ಸ್‌ರೇ, ಸ್ಕ್ಯಾನಿಂಗ್ ಯಂತ್ರಗಳ ಸಾಲ ತಲೆಯ ಮೇಲೆ. ಹಳ್ಳಿಯಲ್ಲಿ ಆ ಖರ್ಚಿಲ್ಲ, ಆದರೆ ಹಸುವಿನ ಬೆಲೆಯನ್ನು ಮೀರಿ ಶುಲ್ಕ ಕೇಳುವಂತಿಲ್ಲ.