ಸೀಟಿನ ಕೆಳಗೆ ಒಂದು ಮೋಟಾರು

1959ನೇ ಇಸವಿ. ಅಮೆರಿಕದ ಥಿಯೇಟರುಗಳಲ್ಲಿ 'ದಿ ಟಿಂಗ್ಲರ್' ಅನ್ನೋ ಸಿನಿಮಾ ಓಡ್ತಾ ಇದೆ. ಕಥೆ ಏನಪ್ಪಾ ಅಂದ್ರೆ, ಮನುಷ್ಯ ಹೆದರಿದಾಗ ಅವನ ಬೆನ್ನುಮೂಳೆಗೆ ಅಂಟಿಕೊಂಡು ಒಂದು ಜೀವಿ ಬೆಳೆಯುತ್ತೆ. ಬಾಯಿಬಿಟ್ಟು ಕಿರುಚಿದರೆ ಮಾತ್ರ ಅದರ ಶಕ್ತಿ ಉಡುಗುತ್ತೆ. ಸಿನಿಮಾದ ಒಂದು ಹಂತದಲ್ಲಿ ಆ ಜೀವಿ ತಪ್ಪಿಸಿಕೊಂಡು ಒಂದು ಥಿಯೇಟರಿಗೆ ನುಗ್ಗುತ್ತೆ. ಅಲ್ಲಿಗೆ ಪರದೆ ಪೂರ್ತಿ ಕತ್ತಲು. ನಾಯಕ ವಿನ್ಸೆಂಟ್ ಪ್ರೈಸ್ ಧ್ವನಿ ಮಾತ್ರ ಕೇಳುತ್ತೆ. ಅದು ಈ ಥಿಯೇಟರಿನಲ್ಲೇ ಇದೆ, ಜೀವ ಉಳಿಸಿಕೊಳ್ಳಬೇಕಾದ್ರೆ ಕಿರುಚಿ ಅಂತಾನೆ. ಅದೇ ಹೊತ್ತಿಗೆ ಕೆಲವರ ಸೀಟು ಗಡಗಡ ನಡುಗುತ್ತೆ!

ನಡುಗಿಸಿದ್ದು ಭೂತವಲ್ಲ. ಸೇನೆಯ ಹಳೇ ಸ್ಟಾಕಿನಲ್ಲಿ ಉಳಿದಿದ್ದ ಸಣ್ಣ ಮೋಟಾರುಗಳನ್ನು ತಂದು ಸೀಟಿನ ಅಡಿಗೆ ಕಟ್ಟಿದ್ದರು. ಪ್ರೊಜೆಕ್ಟರ್ ರೂಮಿನಿಂದ ಒಂದು ಸ್ವಿಚ್ಚು. ಅಷ್ಟೇ. ಈ ಉಪಾಯಕ್ಕೆ 'ಪರ್ಸೆಪ್ಟೋ' ಅಂತ ದೊಡ್ಡ ಹೆಸರು ಬೇರೆ.

ಇದನ್ನು ಮಾಡಿದವನು ವಿಲಿಯಂ ಕ್ಯಾಸಲ್. ಇವತ್ತು ಕೋಟಿಗಟ್ಟಲೆ ಡಾಲರ್ ಸುರಿದು ಕಟ್ಟೋ ಥೀಮ್ ಪಾರ್ಕ್ ಷೋಗಳಿವೆಯಲ್ಲ, ಸೀಟು ಅಲುಗಾಡೋದು, ಮುಖಕ್ಕೆ ನೀರು ಚಿಮ್ಮೋದು, ಕಾಲಿಗೆ ಏನೋ ತಾಗಿದ ಹಾಗಾಗೋದು, ಅವುಗಳ ವಂಶಾವಳಿ ಹುಡುಕಿಕೊಂಡು ಹೋದರೆ ನೀವು ಬಂದು ನಿಲ್ಲೋದು ಈ ಬಡ ಬಜೆಟ್ಟಿನ ನಿರ್ದೇಶಕನ ಮುಂದೆ.

ಇಂಥ ಉಪಾಯ ಅವನಿಗೆ ಯಾಕೆ ಬೇಕಾಯ್ತು? ಕಾರಣ ನಮ್ಮ ಟಿವಿ! ಅಮೆರಿಕದಲ್ಲಿ ಸಿನಿಮಾ ನೋಡುವವರ ಸಂಖ್ಯೆ 1946ರಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯೋಕೆ ಶುರುವಾಯ್ತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ದೊಡ್ಡ ಸ್ಟುಡಿಯೋಗಳ ಕೈಯಿಂದ ಥಿಯೇಟರುಗಳನ್ನು ಬಿಡಿಸಿತು. ಅದೇ ಕಾಲಕ್ಕೆ ಮನೆಮನೆಗೆ ಟಿವಿ ಪೆಟ್ಟಿಗೆ ಬಂತು. ಮನೇಲೇ ಪುಕ್ಕಟೆಯಾಗಿ ನೋಡೋಕೆ ಸಿಗುವಾಗ ಟಿಕೆಟ್ ತಗೊಂಡು ಹೋಗೋರು ಯಾರು? ದುಡ್ಡಿದ್ದವರು ಪರದೆ ಹಿಗ್ಗಿಸಿದರು. 1952ರಲ್ಲಿ ಸಿನೆರಾಮಾ ಬಂತು, 1953ರಲ್ಲಿ ಸಿನಿಮಾಸ್ಕೋಪ್ ಬಂತು. ದುಡ್ಡಿಲ್ಲದವನು ಏನು ಮಾಡಬೇಕು? ಕ್ಯಾಸಲ್ ಹತ್ತಿರ ಪರದೆ ಹಿಗ್ಗಿಸೋ ಕಾಸಿರಲಿಲ್ಲ. ಅದಕ್ಕೇ ಅವನು ಪರದೆ ಬಿಟ್ಟು ಥಿಯೇಟರಿಗೇ ಕೈ ಹಾಕಿದ.

1958ರಲ್ಲಿ ಮನೆ ಅಡ ಇಟ್ಟು 'ಮಕಾಬ್ರ್' ಅನ್ನೋ ಸಿನಿಮಾ ತೆಗೆದ. ಸಿನಿಮಾ ಸಾಧಾರಣ. ಪ್ರಚಾರ ಅಸಾಧಾರಣ. ನೋಡ್ತಾ ನೋಡ್ತಾ ಭಯದಿಂದ ಸತ್ತರೆ 1000 ಡಾಲರ್ ವಿಮೆ ಅಂತ ಘೋಷಿಸಿದ. ವಿಮೆ ನಿಜವಾದದ್ದು, ಲಂಡನ್ನಿನ ಲಾಯ್ಡ್ಸ್‌ನದು. ಥಿಯೇಟರ್ ಬಾಗಿಲಲ್ಲಿ ನರ್ಸ್ ವೇಷದವರು, ಹೊರಗೆ ಶವ ಸಾಗಿಸೋ ಗಾಡಿ. ಜನ ಮುಗಿಬಿದ್ದರು. ಮರುವರ್ಷ 'ಹೌಸ್ ಆನ್ ಹಾಂಟೆಡ್ ಹಿಲ್' ಸಿನಿಮಾಕ್ಕೆ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ತಂತಿಗೆ ಕಟ್ಟಿ ಪ್ರೇಕ್ಷಕರ ತಲೆ ಮೇಲೆ ಹಾರಿಸಿದ. ಎರಡನೇ ಸಲ ಬಂದ ಹುಡುಗರು ಅದಕ್ಕೆ ಗುರಿಯಿಟ್ಟು ಪಾಪ್‌ಕಾರ್ನ್ ಡಬ್ಬಿ ಎಸೆದರು ಅನ್ನೋದು ಬೇರೆ ಮಾತು!

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಟಿಂಗ್ಲರ್ ಕಥೆ ಓದುವಾಗ ನನ್ನ ಕಣ್ಣು ನಿಂತಿದ್ದು ಒಂದೇ ವಿವರದ ಮೇಲೆ. ಮೋಟಾರು ಎಲ್ಲಾ ಸೀಟಿಗೂ ಇರಲಿಲ್ಲ. ಕೆಲವು ಸೀಟಿಗೆ ಮಾತ್ರ. ಖರ್ಚು ಉಳಿಸೋಕೆ ಮಾಡಿದ್ದು, ನಿಜ. ಆದರೆ ಯೋಚಿಸಿ ನೋಡಿ, ಕತ್ತಲಲ್ಲಿ ನಿಮ್ಮ ಪಕ್ಕದವನು ಚೀರಿ ಎದ್ದರೆ ನಿಮಗೆ ಮೋಟಾರು ಬೇಕಾ? ಅವನ ಚೀರಾಟವೇ ನಿಮ್ಮ ಮೋಟಾರು. ಭಯ ಒಬ್ಬರಿಂದ ಒಬ್ಬರಿಗೆ ಹರಡುತ್ತೆ, ಅದಕ್ಕೆ ವೈರಿಂಗ್ ಬೇಕಿಲ್ಲ. ಕಡಿಮೆ ಸಾಮಾನಿನಲ್ಲಿ ಹೆಚ್ಚು ಕೆಲಸ ಅಂದ್ರೆ ಇದೇ ತಾನೇ?

ಈಗ ಥೀಮ್ ಪಾರ್ಕ್ ಕಡೆ ಬನ್ನಿ. 1955ರ ಜುಲೈ 17ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾಯ್ತು. ಅದಕ್ಕೆ ದುಡ್ಡು ಹಾಕಿದವರಲ್ಲಿ ಎಬಿಸಿ ಅನ್ನೋ ಟಿವಿ ಸಂಸ್ಥೆಯೂ ಒಂದು. ನೋಡಿ, ಸಿನಿಮಾ ಥಿಯೇಟರ್ ಖಾಲಿ ಮಾಡಿಸಿದ ಟಿವಿಯೇ ಪಾರ್ಕಿಗೆ ಬಂಡವಾಳ ಹಾಕಿತು! ಅದೇ ಪಾರ್ಕಿನಲ್ಲಿ 1969ರಲ್ಲಿ 'ಹಾಂಟೆಡ್ ಮ್ಯಾನ್ಷನ್' ತೆರೆಯಿತು. ಅಲ್ಲಿನ ದೊಡ್ಡ ಹಾಲಿನಲ್ಲಿ ಪಾರದರ್ಶಕ ದೆವ್ವಗಳು ಜೋಡಿಜೋಡಿಯಾಗಿ ಕುಣಿಯುತ್ತವೆ. ಕಂಪ್ಯೂಟರ್ ಕರಾಮತ್ತು ಅಂದ್ಕೊಂಡ್ರಾ? ಅಲ್ಲ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ನಾಟಕದ ತಂತ್ರ. ನಿಮ್ಮೆದುರಿಗೆ ಒಂದು ದೊಡ್ಡ ಗಾಜು. ಬೊಂಬೆಗಳು ನಿಮಗೆ ಕಾಣದ ಜಾಗದಲ್ಲಿ. ಬೊಂಬೆ ಮೇಲೆ ಬೆಳಕು ಬಿದ್ದರೆ ಅದರ ಪ್ರತಿಬಿಂಬ ಗಾಜಿನಲ್ಲಿ ಮೂಡುತ್ತೆ, ದೀಪ ಆರಿಸಿದರೆ ದೆವ್ವ ಮಾಯ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖ ಹೊರಗಿನ ಕತ್ತಲಲ್ಲಿ ತೇಲಿದ ಹಾಗೆ ಕಾಣುತ್ತಲ್ಲ, ಅದೇ ಇದು.

ಇನ್ನೊಂದು ಉದಾಹರಣೆ ಕೇಳಿ. ಜೇಮ್ಸ್ ಕ್ಯಾಮೆರಾನ್ ಕೆಲಸ ಕಲಿತದ್ದು ಕಡಿಮೆ ಖರ್ಚಿನ ಸಿನಿಮಾಗಳ ದೊರೆ ರೋಜರ್ ಕಾರ್ಮನ್ ಕಂಪನಿಯಲ್ಲಿ, ಮಾಡೆಲ್ ಮಾಡ್ತಾ, ಸೆಟ್ ಹಾಕ್ತಾ. 1984ರಲ್ಲಿ ಅವನು 'ಟರ್ಮಿನೇಟರ್' ತೆಗೆದದ್ದು ಸುಮಾರು 64 ಲಕ್ಷ ಡಾಲರಿನಲ್ಲಿ. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. 12 ವರ್ಷ ಕಳೆದು 1996ರಲ್ಲಿ ಅದೇ ಕಥೆ ಯೂನಿವರ್ಸಲ್‌ನ ಫ್ಲೋರಿಡಾ ಪಾರ್ಕಿನಲ್ಲಿ ಷೋ ಆಯ್ತು. ಸಿನಿಮಾ ಭಾಗ 12 ನಿಮಿಷ. ಖರ್ಚು ಸುಮಾರು 6 ಕೋಟಿ ಡಾಲರ್ ಅಂತ ವರದಿಯಾಯ್ತು. ನಿಜವಾದ ನಟ ನಿಜವಾದ ಮೋಟಾರ್‌ಬೈಕಿನಲ್ಲಿ ಥಿಯೇಟರಿಗೆ ಬಂದು, ಪರದೆಯೊಳಗೆ ನುಗ್ಗಿ ಹೋದ ಹಾಗೆ ಕಾಣ್ತಿತ್ತು. ಕೊನೆಗೆ ನಿಮ್ಮ ಸೀಟೇ ದಢಾರನೆ ಕೆಳಗಿಳಿಯುತ್ತಿತ್ತು. 6 ಕೋಟಿ ಡಾಲರ್ ಸುರಿದ ಮೇಲೂ ಕ್ಲೈಮ್ಯಾಕ್ಸ್‌ಗೆ ಒದಗಿದ್ದು ಕ್ಯಾಸಲ್‌ನ ಹಳೇ ವಿದ್ಯೆಯೇ. ಸೀಟು!

1994ರಲ್ಲಿ ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲಿ ಬಂದ 'ಹನಿ, ಐ ಶ್ರಂಕ್ ದಿ ಆಡಿಯೆನ್ಸ್' ಷೋನಲ್ಲೂ ಇದೇ ಕಥೆ. ಪರದೆ ಮೇಲೆ ನೂರಾರು ಇಲಿಗಳು ಹೊರಗೆ ನುಗ್ಗಿದಾಗ ಕತ್ತಲಲ್ಲಿ ನಿಮ್ಮ ಕಾಲಿಗೆ ಏನೋ ಸರಸರ ತಾಗುತ್ತಿತ್ತು. ಜನ ಕಾಲು ಮೇಲೆತ್ತಿ ಕಿರುಚುತ್ತಿದ್ದರು. ಕಣ್ಣು ಇಲಿ ನೋಡಿದೆ, ಕಾಲಿಗೆ ಏನೋ ತಾಗಿದೆ, ಉಳಿದದ್ದನ್ನು ನಿಮ್ಮ ಮಿದುಳೇ ಕಟ್ಟಿಕೊಡುತ್ತೆ. ಈ ಷೋಗೆ ಮೂಲವಾದ 1989ರ ಸಿನಿಮಾದ ಕಥೆಗಾರರಲ್ಲಿ ಒಬ್ಬ ಸ್ಟುವರ್ಟ್ ಗಾರ್ಡನ್. ಅವನು ಹೆಸರು ಮಾಡಿದ್ದು 1985ರ 'ರೀ-ಅನಿಮೇಟರ್' ಅನ್ನೋ ಕಡಿಮೆ ಬಜೆಟ್ಟಿನ ರಕ್ತಸಿಕ್ತ ಸಿನಿಮಾದಿಂದ.

ಇಲ್ಲಿವರೆಗೂ ಮಜಾ. ಆದರೆ ಈ ಇತಿಹಾಸದಲ್ಲಿ ಒಂದು ತಿರುವಿದೆ. ನಾನು ಇದನ್ನೆಲ್ಲಾ ಹೇಳ್ತಾ ಇರೋದೇ ಅದಕ್ಕೋಸ್ಕರ.

1995ರಲ್ಲಿ ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲಿ 'ಏಲಿಯನ್ ಎನ್‌ಕೌಂಟರ್' ಅನ್ನೋ ಷೋ ಶುರುವಾಯ್ತು. ಪ್ರೇಕ್ಷಕರು ದುಂಡಗೆ ಕೂರಬೇಕು. ಭುಜದ ಮೇಲೆ ಕಟ್ಟು ಬಂದು ಕೂರುತ್ತೆ, ಏಳೋ ಹಾಗಿಲ್ಲ. ನಡುವಿನ ಗಾಜಿನ ಕೊಳವೆ ಒಡೆದು ಅನ್ಯಗ್ರಹದ ಪ್ರಾಣಿ ತಪ್ಪಿಸಿಕೊಳ್ಳುತ್ತೆ. ಆಮೇಲೆ ಕತ್ತಲು. ಕಗ್ಗತ್ತಲು. ಕಿವಿ ಪಕ್ಕದ ಸ್ಪೀಕರಿನಲ್ಲಿ ಅದರ ಸದ್ದು, ಕುತ್ತಿಗೆ ಹಿಂದೆ ಬಿಸಿಯುಸಿರು. ಮೊದಲ ರೂಪ ನೋಡಿದ ಡಿಸ್ನಿ ಮುಖ್ಯಸ್ಥ ಮೈಕೆಲ್ ಐಸ್ನರ್, ಭಯ ಸಾಲದು ಅಂತ ನಿಲ್ಲಿಸಿ ತಿದ್ದಿಸಿದ್ದ. ತಿದ್ದಿದ ಮೇಲೆ ಏನಾಯ್ತು? ಮಕ್ಕಳು ಬೆಚ್ಚಿಬಿದ್ದರು, ತಂದೆ-ತಾಯಂದಿರು ದೂರು ಕೊಟ್ಟರು. ಎಚ್ಚರಿಕೆ ಬೋರ್ಡು ಹಾಕಿದರೂ ದೂರು ನಿಲ್ಲಲಿಲ್ಲ. 2003ರ ಅಕ್ಟೋಬರಿನಲ್ಲಿ ಷೋ ಮುಚ್ಚಿತು.

ತಂತ್ರ ಸೋತಿತಾ? ಇಲ್ಲ. ತಂತ್ರ ತೀರಾ ಚೆನ್ನಾಗಿ ಕೆಲಸ ಮಾಡಿತು. ಕ್ಯಾಸಲ್ ಸಿನಿಮಾಕ್ಕೆ ಹೋದವನಿಗೆ ಗೊತ್ತಿತ್ತು, ತಾನು ಹೆದರೋಕೆ ಅಂತಲೇ ಬಂದಿದ್ದೀನಿ ಅಂತ. ಪೋಸ್ಟರ್ ಹೇಳಿತ್ತು, ವಿಮೆ ಹೇಳಿತ್ತು, ನರ್ಸ್ ಹೇಳಿದ್ದಳು. ಆ ಗಲಾಟೆಯೆಲ್ಲಾ ಒಂದು ಒಪ್ಪಂದ: ಇದು ಆಟ, ನೀನು ಒಪ್ಪಿ ಬಂದಿದ್ದೀಯ. ಮಿಕ್ಕಿ ಮೌಸ್ ನೋಡೋಕೆ ಬಂದ ಮಗುವಿನ ಜೊತೆ ಅಂಥ ಒಪ್ಪಂದ ಎಲ್ಲಿತ್ತು? ಏಳೋ ಹಾಗಿಲ್ಲದ ಸೀಟಿನಲ್ಲಿ ಕೂತ ಮೇಲೆ ಆಟ ಬೇಡ ಅಂದ್ರೆ ಹೋಗೋದೆಲ್ಲಿಗೆ?

ಭಯ ಹುಟ್ಟಿಸೋ ಆಕರ್ಷಣೆಗಳಲ್ಲಿ 'ಚಿಕನ್ ಎಕ್ಸಿಟ್' ಅನ್ನೋ ಮಾತಿದೆ. ಮನಸ್ಸು ಬದಲಾಯಿಸಿದವನು ಹೊರಗೆ ಹೋಗೋ ಪಕ್ಕದ ದಾರಿ. ಕ್ಯಾಸಲ್ 1961ರ 'ಹೋಮಿಸೈಡಲ್' ಸಿನಿಮಾದಲ್ಲಿ ಕ್ಲೈಮ್ಯಾಕ್ಸಿಗೆ ಮುಂಚೆ 45 ಸೆಕೆಂಡ್ ಬಿಡುವು ಕೊಟ್ಟು, ಹೆದರಿದವರು ಎದ್ದು ಹೋಗಿ ದುಡ್ಡು ವಾಪಸ್ ತಗೋಬಹುದು ಅಂದಿದ್ದ. ಹಾಗೆ ಎದ್ದವರನ್ನು 'ಪುಕ್ಕಲರ ಮೂಲೆ'ಯಲ್ಲಿ ನಿಲ್ಲಿಸಿ ಗೇಲಿ ಮಾಡಿಸುತ್ತಿದ್ದ ಅನ್ನೋದೂ ನಿಜ. ಗೇಲಿ ಇದ್ದರೂ ಬಾಗಿಲು ಇತ್ತು ಸ್ವಾಮಿ. ಬಾಗಿಲು ಇತ್ತು.

ನನ್ನ ಮಟ್ಟಿಗೆ ಷೋ ವಿನ್ಯಾಸ ಮಾಡೋರಿಗೆ ಈ ಬಡ ಸಿನಿಮಾಗಳ ಪಾಠ ಇಷ್ಟು: ಒಂದೇ ಉಪಾಯ ಇರಲಿ, ಅದು ಸರಿಯಾದ ಸೆಕೆಂಡಿಗೆ ಬರಲಿ. ಕತ್ತಲನ್ನು ಬಳಸಿ, ಅದಕ್ಕಿಂತ ಅಗ್ಗದ ಸೆಟ್ ಇಲ್ಲ. ಪ್ರೇಕ್ಷಕನಿಗೂ ಒಂದು ಪಾತ್ರ ಕೊಡಿ, ಅವನ ಕಿರುಚಾಟವೇ ನಿಮ್ಮ ಹಿನ್ನೆಲೆ ಸಂಗೀತ. ಎಲ್ಲಕ್ಕಿಂತ ಮೊದಲು, ಹೊರಗೆ ಹೋಗೋ ಬಾಗಿಲು ಎಲ್ಲಿದೆ ಅಂತ ತೋರಿಸಿ.

ಈ ಕೊನೆಯ ಪಾಠ ಪಾರ್ಕಿನವರಿಗೆ ಮಾತ್ರ ಅಲ್ಲ. ನಾನು ಕೂರೋ ಸ್ಟುಡಿಯೋದಲ್ಲೂ ಢಂ ಅನ್ನೋ ಸದ್ದಿದೆ, ಕೆಂಪು ಪಟ್ಟಿ ಇದೆ, ಅಲುಗಾಡೋ ಅಕ್ಷರಗಳಿವೆ. ಅವೆಲ್ಲಾ ನಿಮ್ಮ ಸೀಟಿನ ಕೆಳಗೆ ನಾವು ಕಟ್ಟಿರೋ ಮೋಟಾರುಗಳೇ. ಪಾರ್ಕಿನ ಷೋ ಹನ್ನೆರಡು ನಿಮಿಷಕ್ಕೆ ಮುಗಿಯುತ್ತೆ, ದೀಪ ಹತ್ತುತ್ತೆ, ಜನ ನಗುತ್ತಾ ಹೊರಗೆ ಹೋಗ್ತಾರೆ. ಇಪ್ಪತ್ನಾಲ್ಕು ಗಂಟೆ ಓಡೋ ನ್ಯೂಸ್‌ನಲ್ಲಿ ದೀಪ ಹತ್ತೋದು ಯಾವಾಗ? ಹೆದರಿಸೋ ಸುದ್ದಿ ಹೇಳಲೇಬೇಕಾದ ದಿನ ಹೇಳಲೇಬೇಕು. ಆದರೆ ಅದರ ಜೊತೆಗೇ ಎಷ್ಟು ನಿಜ, ಎಷ್ಟು ಅಪಾಯ, ನೀವೇನು ಮಾಡಬಹುದು ಅಂತಲೂ ಹೇಳಬೇಕು. ಟಿವಿಯಲ್ಲಿ ಬಾಗಿಲು ಅಂದ್ರೆ ಅದೇ. ಅದಿಲ್ಲದೆ ಬರೀ ಮೋಟಾರು ಓಡಿಸೋ ಆ್ಯಂಕರ್‌ಗಿಂತ ವಿಲಿಯಂ ಕ್ಯಾಸಲ್ ಎಷ್ಟೋ ಪ್ರಾಮಾಣಿಕ. ಅವನು ಕನಿಷ್ಠ ಪಕ್ಷ ವಿಮೆಯಾದರೂ ಮಾಡಿಸಿದ್ದ!